ತೊರಕೆಯ ಈಜು

ನಮ್ಮ ಕರಾವಳಿಯವರು ತೊರಕೆ ಎಂದು ಕರೆಯುವ ಮೀನನ್ನು ಘಟ್ಟದ ಮೇಲಿನವರಲ್ಲಿ ಕಂಡವರು ವಿರಳ. ಮೀನು ಎಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಕದಿರಿನಂಥ ಆಕಾರ ಅದಕ್ಕಿಲ್ಲ. ಅಗಲವಾದ ಚಪ್ಪಟೆ ಮೈ, ಚಾವಟಿಯಂಥ ನೀಳವಾದ ಬಾಲ, ಬೆನ್ನ ಮೇಲೆ ಎರಡು ಕಣ್ಣು, ಹೊಟ್ಟೆಯ ಕಡೆಗೆ ಬಾಯಿ, ಅದರ ಹಿಂದೆ ಕಿವಿರಿನ ಸೀಳುಗಳು. ಮೀನುಪೇಟೆಯ ಹಾಸುಗಲ್ಲಿನ ಮೇಲೆ ಬಿದ್ದಿರುವಾಗ ಅದು ಯಾರೋ ಒಗೆದು ಹರಡಿದ ಗೋಣಿಯ ತುಂಡಿನ ಹಾಗೆ ಕಾಣುತ್ತದೆ. ಆ ಪ್ರಾಣಿಯನ್ನೇ ನೀರಿನೊಳಗೆ ನೋಡಬೇಕು. ಅದರ ಮೈಯಂಚು ಸಣ್ಣಗೆ ಅಲೆಯಾಡಿತೆಂದರೆ ಇಡೀ ತಟ್ಟೆ ಸದ್ದಿಲ್ಲದೆ ಮುಂದಕ್ಕೆ ತೇಲಿಹೋಗುತ್ತದೆ. ಅದರ ದಾಯಾದಿಗಳಲ್ಲಿ ದೊಡ್ಡದಾದ ಮಾಂಟಾ ಎಂಬುದಾದರೋ ಎರಡು ರೆಕ್ಕೆಗಳನ್ನು ನಿಧಾನವಾಗಿ ಎತ್ತಿ ಇಳಿಸುತ್ತ ಹದ್ದು ಬಾನಿನಲ್ಲಿ ತೇಲುವಂತೆ ಕಡಲಿನಲ್ಲಿ ತೇಲುತ್ತದೆ.

ಆ ಚೆಲುವನ್ನು ಬಣ್ಣಿಸುವ ಕೆಲಸ ಕವಿಗಳಿಗೆ ಇರಲಿ. ಈ ಪ್ರಾಣಿ ನೀರಿಗೆ ಏನನ್ನು ಕೊಟ್ಟು ಏನನ್ನು ಪಡೆಯುತ್ತದೆ, ಎಷ್ಟು ತೆತ್ತು ಎಷ್ಟು ದೂರ ಹೋಗುತ್ತದೆ ಎಂಬ ವ್ಯವಹಾರದ ಮಾತನ್ನು ನಾನು ವಿಚಾರಿಸಬೇಕೆಂದಿದ್ದೇನೆ. ಭೌತಶಾಸ್ತ್ರದಲ್ಲಿ ದ್ರವಗಳ ಚಲನೆಯನ್ನು ಕುರಿತ ಶಾಖೆಯೊಂದಿದೆ. ಕಾಲುವೆಯ ಹರಿವಿನಿಂದ ವಿಮಾನದ ರೆಕ್ಕೆಯವರೆಗೆ ಎಲ್ಲವೂ ಅದರ ಪರಿಧಿಗೆ ಬರುತ್ತವೆ. ಅದರ ಕಣ್ಣಿನಿಂದ ನೋಡಿದಾಗ ತೊರಕೆಯ ವಿಚಿತ್ರ ಆಕಾರ ವಿಚಿತ್ರವಾಗಿ ಉಳಿಯುವುದಿಲ್ಲ.

ಮೊದಲು ಮೈಯ ರಚನೆ. ತೊರಕೆಗಳು ಶಾರ್ಕುಗಳ ಹತ್ತಿರದ ಬಂಧುಗಳು. ಇವುಗಳಲ್ಲಿ ೬೦೦ಕ್ಕೂ ಮಿಕ್ಕಿ ಜಾತಿಗಳಿವೆ. ಇವಕ್ಕೆ ಗಟ್ಟಿ ಮೂಳೆಯಿಲ್ಲ. ನಮ್ಮ ಕಿವಿಯ ಆಲೆಯಲ್ಲಿರುವಂಥ ಬಾಗುವ ಮೃದ್ವಸ್ಥಿಯೇ ಅಸ್ಥಿಪಂಜರ. ಬೇರೆ ಮೀನುಗಳಲ್ಲಿ ಎದೆಯ ಪಕ್ಕದಲ್ಲಿ ಪುಟ್ಟ ಬೀಸಣಿಗೆಗಳಂತಿರುವ ಎರಡು ಈಜುರೆಕ್ಕೆಗಳು ಇವುಗಳಲ್ಲಿ ಬೆಳೆದು, ಅಗಲಿಸಿ, ಮುಂದೆ ತಲೆಯನ್ನೂ ಹಿಂದೆ ಸೊಂಟವನ್ನೂ ಮುಟ್ಟಿ ಬೆಸೆದುಕೊಂಡಿವೆ. ನಾವು ತೊರಕೆಯ ಮೈ ಎಂದುಕೊಳ್ಳುವ ತಟ್ಟೆಯಲ್ಲಿ ಬಹುಪಾಲು ರೆಕ್ಕೆಯೇ. ಅದರೊಳಗೆ ಛತ್ರಿಯ ಕಡ್ಡಿಗಳ ಹಾಗೆ ಮೃದ್ವಸ್ಥಿಯ ಎಳೆಗಳು ಅಂಚಿನವರೆಗೂ ಹರಡಿವೆ. ಪ್ರತಿಯೊಂದು ಎಳೆಯೂ ಸಣ್ಣ ಸಣ್ಣ ಗಿಣ್ಣುಗಳ ಸರಪಳಿ. ಮೇಲೊಂದು ಕೆಳಗೊಂದು ಸ್ನಾಯುವಿನ ಪದರ. ಯಾವ ಎಳೆಯನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬ ಸ್ವಾತಂತ್ರ್ಯ ಹೀಗೆ ಆ ಮೀನಿಗೆ ದೊರೆತಿದೆ.

ಇದು ಇಂದಿನವರು ಮಾತ್ರ ಗಮನಿಸಿದ ಸಂಗತಿಯಲ್ಲ. ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅರಿಸ್ಟಾಟಲನು ಪ್ರಾಣಿಗಳನ್ನು ಕುರಿತು ಬರೆಯುತ್ತ, ತೊರಕೆಯಂಥ ಚಪ್ಪಟೆ ಮೀನುಗಳು ಈಜುರೆಕ್ಕೆಗೆ ಬದಲಾಗಿ ತಮ್ಮ ಅಗಲವಾದ ಮೈಯ ಅಂಚಿನಿಂದಲೇ ಈಜುತ್ತವೆ ಎಂದು ಹೇಳಿದ್ದಾನೆ. ಆ ಅಂಚೇ ಈಜುರೆಕ್ಕೆಯೆಂಬುದು ಅವನಿಗೆ ತಿಳಿದಿರಲಿಲ್ಲ, ನಿಜ. ಆದರೆ ಕೆಲಸವೆಲ್ಲ ಅಂಚಿನದೇ ಎಂದು ಕಂಡುಕೊಂಡ ಅವನ ಕಣ್ಣನ್ನು ಮೆಚ್ಚಬೇಕು. ಅಂಚು ಏಕೆ, ನಡುಮೈ ಏಕಲ್ಲ ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಬಹಳ ಕಾಲ ಹಿಡಿಯಿತು.

ನೆಲದ ಮೇಲೆ ನಡೆಯುವ ನಮಗೆ ಒಂದು ದೊಡ್ಡ ಅನುಕೂಲವಿದೆ. ಕಾಲನ್ನು ಹಿಂದಕ್ಕೆ ಒತ್ತಿದರೆ ನೆಲ ಜರಗುವುದಿಲ್ಲ. ನಾವು ಮುಂದೆ ಹೋಗುತ್ತೇವೆ. ನೀರಿನಲ್ಲಿ ಊರಲು ನೆಲವಿಲ್ಲ. ತಳ್ಳಿದರೆ ನೀರೇ ಹಿಂದಕ್ಕೆ ಸರಿಯುತ್ತದೆ. ಸರಿಯುವ ಆ ನೀರಿಗೆ ನಾವು ಕೊಟ್ಟ ಸಂವೇಗವೇ ತಿರುಗಿ ನಮಗೆ ಮುಂದಕ್ಕೆ ಸಿಗುವ ಸಂವೇಗ. ವಸ್ತುವಿನ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಂವೇಗ ಬರುತ್ತದೆ ಎಂದು ಶಾಲೆಯಲ್ಲಿ ಕಲಿತದ್ದು ನಿಮಗೆ ನೆನಪಿರಬಹುದು. ಆದರೆ ಈಜುವವನು ತೆರಬೇಕಾದ ಬೆಲೆ ಸಂವೇಗದಲ್ಲಿ ಅಲ್ಲ, ಶಕ್ತಿಯಲ್ಲಿ. ಮತ್ತು ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಈ ಸಣ್ಣ ವ್ಯತ್ಯಾಸದಲ್ಲೇ ಎಲ್ಲವೂ ಅಡಗಿದೆ.

ಒಂದು ಲೆಕ್ಕ ಹಾಕೋಣ. ೧೦ ಕಿಲೋ ನೀರನ್ನು ಸೆಕೆಂಡಿಗೆ ೧೦ ಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆದೆವೆನ್ನಿ. ಸಂವೇಗ ನೂರು. ಇನ್ನೊಬ್ಬನು ೧೦೦ ಕಿಲೋ ನೀರನ್ನು ಸೆಕೆಂಡಿಗೆ ೧ ಮೀಟರ್ ವೇಗದಲ್ಲಿ ಮೆಲ್ಲಗೆ ತಳ್ಳಿದನೆನ್ನಿ. ಅವನಿಗೂ ಅದೇ ನೂರು ದೊರೆಯಿತು. ಆದರೆ ಮೊದಲನೆಯವನು ನೀರಿಗೆ ಸುರಿದ ಶಕ್ತಿ ೫೦೦ ಜೌಲ್. ಎರಡನೆಯವನದು ಬರಿಯ ೫೦. ಪಡೆದದ್ದು ಒಂದೇ, ತೆತ್ತದ್ದರಲ್ಲಿ ಹತ್ತು ಪಟ್ಟು ಅಂತರ. ನೀರಿಗೆ ಹೋದ ಈ ಶಕ್ತಿ ಮರಳಿ ಬರುವಂಥದಲ್ಲ, ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ. ಆದ್ದರಿಂದ ಜಾಣ ಈಜುಗಾರನು ಸ್ವಲ್ಪ ನೀರನ್ನು ಜೋರಾಗಿ ಎಸೆಯುವುದಿಲ್ಲ. ಬಹಳ ನೀರನ್ನು ಮೆಲ್ಲಗೆ ಸರಿಸುತ್ತಾನೆ. ಬಹಳ ನೀರನ್ನು ಮುಟ್ಟಬೇಕಾದರೆ ಮೈ ಅಗಲವಾಗಿರಬೇಕು. ಹಾಸುಗಲ್ಲಿನ ಮೇಲೆ ಗೋಣಿಯ ತುಂಡಿನಂತೆ ಬಿದ್ದಿದ್ದ ಆ ಅಗಲಕ್ಕೆ ಈಗ ಒಂದು ಅರ್ಥ ಬಂದಿತಲ್ಲವೆ?

ಅಗಲವಿದ್ದರೆ ಸಾಲದು. ಅಗಲವಾದ ಹಲಗೆಯನ್ನು ನೀರಿನಲ್ಲಿ ಮೇಲೆ ಕೆಳಗೆ ಆಡಿಸಿದರೆ ನೀರೂ ಮೇಲೆ ಕೆಳಗೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಹೋಗುವುದಿಲ್ಲ. ದೋಣಿಯ ಹುಟ್ಟಿನಂತೆ ತೊರಕೆ ರೆಕ್ಕೆಯನ್ನು ಹಿಂದಕ್ಕೆ ಎಳೆಯುತ್ತದೆಂದು ಹಲವರು ತಿಳಿಯುತ್ತಾರೆ. ಅದು ಹುಟ್ಟು ಹಾಕುವುದಿಲ್ಲ. ಮೇಲೆ ಕೆಳಗಿನ ಆಟವನ್ನು ಮುಂದಿನ ಓಟವಾಗಿ ಮಾರ್ಪಡಿಸಲು ಅದಕ್ಕೆ ಎರಡು ಉಪಾಯಗಳು ಗೊತ್ತು.

ಇದು ರೇಡಿಯೋ, ಚಿತ್ರ ತೋರಿಸುವ ಹಾಗಿಲ್ಲ. ಆದ್ದರಿಂದ ಹಾಸಿಗೆಯ ಚಾದರವನ್ನು ಕೊಡವುವುದನ್ನು ನೆನಪಿಗೆ ತಂದುಕೊಳ್ಳಿ. ಒಂದು ತುದಿಯನ್ನು ಹಿಡಿದು ಕೈಯನ್ನು ಮೇಲೆ ಕೆಳಗೆ ಝಾಡಿಸುತ್ತೀರಿ. ಬಟ್ಟೆಯ ಯಾವ ಎಳೆಯೂ ನಿಮ್ಮ ಕೈಯಿಂದ ದೂರ ಓಡುವುದಿಲ್ಲ; ಪ್ರತಿಯೊಂದೂ ತಾನಿದ್ದಲ್ಲೇ ಏರಿ ಇಳಿಯುತ್ತದೆ. ಆದರೂ ಉಬ್ಬೊಂದು ಈ ತುದಿಯಿಂದ ಆ ತುದಿಗೆ ಓಡುತ್ತದೆ. ಮರಳಿನ ಮೇಲೆ ಬದುಕುವ ತೊರಕೆಯ ರೆಕ್ಕೆಯಂಚಿನಲ್ಲಿ ನಡೆಯುವುದು ಇದೇ. ತಲೆಯ ಪಕ್ಕದಲ್ಲಿ ಎದ್ದ ಅಲೆ ಅಂಚಿನುದ್ದಕ್ಕೂ ಬಾಲದತ್ತ ಸಾಗುತ್ತದೆ. ಅದು ಮುಗಿಯುವ ಮುನ್ನವೇ ಇನ್ನೊಂದು ಏಳುತ್ತದೆ. ಅಲೆಯ ಇಳಿಜಾರಿನ ಪ್ರತಿಯೊಂದು ತುಣುಕೂ ತನ್ನೆದುರಿನ ನೀರನ್ನು ಓರೆಯಾಗಿ ಒತ್ತುತ್ತದೆ. ಆ ಒತ್ತಡದಲ್ಲಿ ಮೇಲೆ ಕೆಳಗಿನ ಅಂಶಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಕ್ಕೆ ಒತ್ತುವ ಅಂಶಗಳು ಮಾತ್ರ ಒಂದಕ್ಕೊಂದು ಕೂಡುತ್ತ ಹೋಗುತ್ತವೆ.

ಈ ಅಲೆಗೆ ಒಂದು ನಿಯಮವಿದೆ: ಮೀನು ಮುಂದೆ ಹೋಗುವ ವೇಗಕ್ಕಿಂತ ಅಲೆ ಹಿಂದೆ ಹೋಗುವ ವೇಗ ಹೆಚ್ಚಾಗಿರಬೇಕು. ಎರಡೂ ಸಮನಾದರೆ ಅಲೆ ನೀರಿನಲ್ಲಿ ನಿಂತಲ್ಲೇ ನಿಂತಂತಾಗುತ್ತದೆ. ಮೀನು ಹಾವಿನಂತೆ ಒಂದು ಕೊರಕಲಿನಲ್ಲಿ ಜಾರಿಹೋದಂತೆ, ನೀರಿಗೆ ಏನೂ ತಗಲುವುದಿಲ್ಲ, ನೂಕೂ ಹುಟ್ಟುವುದಿಲ್ಲ. ಆದರೆ ಅಲೆ ತೀರ ಮುಂದುವರಿದರೆ ಶಕ್ತಿ ಪೋಲಾಗುತ್ತದೆ. ಈ ಸಂಬಂಧವನ್ನು ಗಣಿತದಲ್ಲಿ ತಿಳಿಯಾಗಿ ತೋರಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಜೇಮ್ಸ್ ಲೈಟ್‌ಹಿಲ್. ೧೯೬೦ರಲ್ಲಿ ಅವರು ನೀಳಮೈಯ ಮೀನುಗಳ ಈಜನ್ನು ಕುರಿತು ಬರೆದ ಒಂದು ಪುಟ್ಟ ಪ್ರಬಂಧ ಈ ಶಾಸ್ತ್ರಕ್ಕೆ ಅಡಿಗಲ್ಲುಗಳಲ್ಲೊಂದಾಯಿತು. ಅವರ ಲೆಕ್ಕದ ಸಾರವನ್ನು ಹೀಗೆ ಹೇಳಬಹುದು. ಅಲೆಯ ವೇಗ ಸೆಕೆಂಡಿಗೆ ೧೦೦ ಸೆಂಟಿಮೀಟರ್, ಮೀನಿನ ವೇಗ ೮೦ ಸೆಂಟಿಮೀಟರ್ ಆದರೆ, ಅಲೆಗಾಗಿ ತೆತ್ತ ಶಕ್ತಿಯಲ್ಲಿ ನೂರಕ್ಕೆ ೯೦ ಪಾಲು ಮುಂದೂಡುವ ಕೆಲಸಕ್ಕೆ ಬರುತ್ತದೆ. ಮೀನಿನ ವೇಗ ಅಲೆಯ ಅರ್ಧಕ್ಕಿಳಿದರೆ ಆ ಪಾಲು ೭೫ಕ್ಕೆ ಇಳಿಯುತ್ತದೆ. ಈ ಲೆಕ್ಕ ಹಾವುಮೀನಿನಂಥ ನೀಳಮೈಗೆ ಹೊಲಿದ ಅಂಗಿ. ಅಗಲವಾದ ತೊರಕೆಗೆ ಹಾಗೆಯೇ ತೊಡಿಸಲು ಬರುವುದಿಲ್ಲ. ಆದರೂ ಅಲೆ ಮೀನನ್ನು ಸ್ವಲ್ಪ ಮಾತ್ರ ಮೀರಿಸಬೇಕೆಂಬ ಮೂಲಸೂತ್ರ ತೊರಕೆಗೂ ಸಲ್ಲುತ್ತದೆ.

ಲೈಟ್‌ಹಿಲ್ ಅವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅವರು ಕಾಗದದ ಮೇಲೆ ಮಾತ್ರ ಈಜಿದ ವಿದ್ವಾಂಸರಲ್ಲ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿರುವ ಸಾರ್ಕ್ ಎಂಬ ದ್ವೀಪವನ್ನು ಸುತ್ತುಹಾಕಿ ಈಜುವುದು ಅವರ ಹವ್ಯಾಸವಾಗಿತ್ತು. ಅಲ್ಲಿಯ ಸೆಳವುಗಳನ್ನು ಲೆಕ್ಕ ಹಾಕಿ ೧೯೭೩ರಲ್ಲಿ ಮೊದಲ ಬಾರಿಗೆ ಆ ಸುತ್ತನ್ನು ಮುಗಿಸಿದರು. ೧೯೯೮ರ ಜುಲೈಯಲ್ಲಿ, ತಮ್ಮ ೭೪ನೆಯ ವಯಸ್ಸಿನಲ್ಲಿ, ಅದೇ ದ್ವೀಪವನ್ನು ಸುತ್ತುತ್ತಿರುವಾಗ ನೀರಿನಲ್ಲೇ ಪ್ರಾಣ ಬಿಟ್ಟರು.

ಇನ್ನು ಎರಡನೆಯ ಉಪಾಯ, ಇದು ಮಾಂಟಾದ್ದು. ಮಾಂಟಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಕಂಬಳಿ. ಹೆಸರಿಟ್ಟವರ ಕಣ್ಣಿಗೆ ಅದು ಹಾಗೆ ಕಂಡಿತು. ಅವುಗಳಲ್ಲಿ ದೊಡ್ಡ ಜಾತಿಯದು ರೆಕ್ಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ೭ ಮೀಟರಿನವರೆಗೂ ಬೆಳೆಯುತ್ತದೆ. ನಮ್ಮ ಊರುಗಳ ಸಾಧಾರಣ ಮನೆಯ ಪಡಸಾಲೆಯಲ್ಲಿ ಅದನ್ನು ಹರಡಲು ಜಾಗ ಸಾಲದು. ಇದರ ರೆಕ್ಕೆಯ ಅಂಚಿನಲ್ಲಿ ಅಲೆಗಳ ಸಾಲು ಕಾಣುವುದಿಲ್ಲ. ಇಡೀ ರೆಕ್ಕೆ ಏರುತ್ತದೆ, ಇಳಿಯುತ್ತದೆ. ಹಾಗಾದರೆ ಮುಂದೂಡುವ ಬಲ ಎಲ್ಲಿಂದ ಬಂದಿತು?

ಗಾಳಿಯಿಲ್ಲದ ದಿನ ನೆಟ್ಟಗೆ ಸುರಿಯುವ ಮಳೆಯಲ್ಲಿ ನಡೆದುಹೋಗುವಾಗ ಕೊಡೆಯನ್ನು ಮುಂದಕ್ಕೆ ಬಾಗಿಸುತ್ತೇವೆ. ಮಳೆ ನೆಟ್ಟಗೆ ಬೀಳುತ್ತಿದ್ದರೂ ನಡೆಯುತ್ತಿರುವ ನಮಗೆ ಅದು ಎದುರಿನಿಂದ ಓರೆಯಾಗಿ ಬರುತ್ತದೆ. ರೆಕ್ಕೆಗೂ ಹೀಗೆಯೇ. ಮೀನು ಮುಂದೆ ಸಾಗುತ್ತಿರುವಾಗ ರೆಕ್ಕೆ ಕೆಳಗೆ ಇಳಿದರೆ, ಆ ರೆಕ್ಕೆಯ ಪಾಲಿಗೆ ನೀರು ಎದುರಿನಿಂದ ಮಾತ್ರವಲ್ಲ, ಕೆಳಗಿನಿಂದಲೂ ಬರುತ್ತದೆ. ವಿಮಾನದ ರೆಕ್ಕೆಯನ್ನು ಎತ್ತಿ ಹಿಡಿಯುವ ಬಲ ಯಾವಾಗಲೂ ತನ್ನತ್ತ ಬರುವ ಹರಿವಿಗೆ ಅಡ್ಡವಾಗಿ ಹುಟ್ಟುತ್ತದೆ. ಹರಿವೇ ಓರೆಯಾದಾಗ ಬಲವೂ ಓರೆಯಾಗುತ್ತದೆ, ಮುಂದಕ್ಕೆ ವಾಲುತ್ತದೆ. ರೆಕ್ಕೆ ಮೇಲೇರುವಾಗ ಎಲ್ಲವೂ ತಿರುಗುಮುರುಗಾಗುತ್ತದೆ. ಆದರೆ ಆಗಲೂ ಬಲ ವಾಲುವುದು ಮುಂದಕ್ಕೇ. ಮೇಲಿನದನ್ನು ಕೆಳಗಿನದು ಅಳಿಸುತ್ತದೆ, ಮುಂದಿನದು ಉಳಿಯುತ್ತದೆ. ಈ ತತ್ತ್ವವನ್ನು ೧೯೦೯ರಲ್ಲಿ ವಿಯೆನ್ನಾದ ಕ್ನೋಲರ್, ೧೯೧೨ರಲ್ಲಿ ಜರ್ಮನಿಯ ಬೆಟ್ಸ್ ಬೇರೆ ಬೇರೆಯಾಗಿ ಕಂಡುಕೊಂಡರು. ಅವರು ಯೋಚಿಸುತ್ತಿದ್ದುದು ಹಕ್ಕಿ ಮತ್ತು ವಿಮಾನಗಳ ರೆಕ್ಕೆಯನ್ನು ಕುರಿತು, ಮೀನನ್ನಲ್ಲ. ನೀರಾಗಲಿ ಗಾಳಿಯಾಗಲಿ ರೆಕ್ಕೆಗೆ ಎರಡೂ ಹರಿವೇ ಆದ್ದರಿಂದ ಅವರ ಮಾತು ಮಾಂಟಾಕ್ಕೂ ಒಪ್ಪಿತು. ಇಂಥ ಮೀನೊಂದಕ್ಕೆ ಗ್ರೀಕರು ಹದ್ದು ಎಂದೇ ಹೆಸರಿಟ್ಟಿದ್ದರು.

ಅರಿಸ್ಟಾಟಲನು ಕಂಡ ಅಂಚಿನ ಮಹತ್ವವೂ ಇಲ್ಲಿ ತಿಳಿಯುತ್ತದೆ. ರೆಕ್ಕೆ ಬುಡದಲ್ಲಿ ಅಷ್ಟಾಗಿ ಆಡುವುದಿಲ್ಲ. ತುದಿಗೆ ಹೋದಷ್ಟೂ ಅದರ ಏರಿಳಿತ ಹೆಚ್ಚು, ಹರಿವಿನ ಓರೆ ಹೆಚ್ಚು, ಬಲದ ವಾಲುವಿಕೆಯೂ ಹೆಚ್ಚು. ಅಮೆರಿಕದ ಫ್ರ್ಯಾಂಕ್ ಫಿಷ್ ಎಂಬ ವಿಜ್ಞಾನಿ (ಹೆಸರೇ ಮೀನು; ಇದು ನನ್ನ ಕಲ್ಪನೆಯಲ್ಲ) ಮತ್ತು ಅವರ ಸಂಗಡಿಗರು ಮಾಂಟಾಗಳ ಈಜನ್ನು ಚಿತ್ರೀಕರಿಸಿ, ನೀರಿನ ಹರಿವನ್ನು ಗಣಕಯಂತ್ರದಲ್ಲಿ ಲೆಕ್ಕ ಹಾಕಿ ೨೦೧೬ರಲ್ಲಿ ಪ್ರಕಟಿಸಿದರು. ಮುಂದೂಡುವ ಬಲವೆಲ್ಲ ರೆಕ್ಕೆಯ ಹೊರಗಿನ ಅರ್ಧಭಾಗದಿಂದಲೇ ಬರುತ್ತದೆ ಎಂಬುದು ಅವರು ಕಂಡದ್ದರಲ್ಲೊಂದು. ಈಜಿನ ದಕ್ಷತೆ ನೂರಕ್ಕೆ ೮೯ ಎಂಬುದು ಇನ್ನೊಂದು. ಈ ೮೯ನ್ನು ಕೇಳಿ ಬೆರಗಾಗುವವರಿಗೆ ಒಂದು ಎಚ್ಚರಿಕೆಯ ಮಾತು. ಇದು ರೆಕ್ಕೆ ನೀರಿಗೆ ಕೊಟ್ಟ ಶಕ್ತಿಯಲ್ಲಿ ಎಷ್ಟು ಪಾಲು ಓಟವಾಯಿತೆಂಬ ಲೆಕ್ಕ. ತಿಂದ ಆಹಾರದಿಂದ ಸ್ನಾಯು ಆ ಶಕ್ತಿಯನ್ನು ತೆಗೆಯುವಾಗ ಎಷ್ಟು ಕಳೆದುಕೊಂಡಿತೆಂಬುದು ಅದರಲ್ಲಿ ಸೇರಿಲ್ಲ. ಗಾಣದಲ್ಲಿ ಎಣ್ಣೆ ಎಷ್ಟು ಬಂತೆಂದು ಹೇಳಿದರೆ ಎತ್ತು ಎಷ್ಟು ಮೇವು ತಿಂದಿತೆಂದು ಹೇಳಿದಂತಾಗುವುದಿಲ್ಲ. ಅಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಇದು ನಿಜಕ್ಕೂ ದೊಡ್ಡ ಅಂಕಿ.

ಈ ಮೀನುಗಳಿಗೆ ಇನ್ನೊಂದು ಭಾರವೂ ಇದೆ. ಹೆಚ್ಚಿನ ಮೀನುಗಳ ಹೊಟ್ಟೆಯಲ್ಲಿ ಗಾಳಿಚೀಲವಿರುತ್ತದೆ. ಅವು ನೀರಿನಲ್ಲಿ ಹಗುರವಾಗಿ ನಿಲ್ಲುತ್ತವೆ. ತೊರಕೆಗಳಿಗಾಗಲಿ ಶಾರ್ಕುಗಳಿಗಾಗಲಿ ಅದು ಇಲ್ಲ. ಎಣ್ಣೆ ತುಂಬಿದ ಯಕೃತ್ತು ಸ್ವಲ್ಪ ನೆರವಾಗುತ್ತದೆ, ಅಷ್ಟೆ. ರೆಕ್ಕೆ ನಿಂತರೆ ಮೈ ಮುಳುಗುತ್ತದೆ. ಆದ್ದರಿಂದ ರೆಕ್ಕೆ ಮುಂದಕ್ಕೆ ಒಯ್ದರಷ್ಟೇ ಸಾಲದು, ಎತ್ತಿಯೂ ಹಿಡಿಯಬೇಕು. ಮಾಂಟಾದ ಏರುಬೀಸು ಇಳಿಬೀಸುಗಳು ಒಂದೇ ಬಗೆಯಾಗಿಲ್ಲದಿರುವುದನ್ನು ನೋಡುವಾಗ ಈ ಭಾರವನ್ನೂ ನೆನೆಯಬೇಕು.

ರೆಕ್ಕೆ ನೀರಿನಲ್ಲಿ ಬಿಟ್ಟುಹೋಗುವ ಗುರುತು ಸುಳಿ. ಶ್ರೀರಂಗಪಟ್ಟಣದಲ್ಲಿ ಸೇತುವೆಯ ಮೇಲೆ ನಿಂತು ಕಂಬಗಳ ಕೆಳಗಡೆಯ ಕಾವೇರಿಯನ್ನು ನೋಡಿದವರಿಗೆ ಇದು ಪರಿಚಿತ. ಕಂಬದ ಎಡಕ್ಕೊಂದು ಸುಳಿ ಬಿಡುತ್ತದೆ, ಅನಂತರ ಬಲಕ್ಕೊಂದು, ಮತ್ತೆ ಎಡಕ್ಕೊಂದು. ಈ ಸುಳಿಗಳ ಸಾಲಿಗೆ ಫಾನ್ ಕಾರ್ಮಾನ್ ಎಂಬ ವಿಜ್ಞಾನಿಯ ಹೆಸರಿದೆ. ಕಂಬದ ಹಿಂದಿನ ಸುಳಿಗಳು ನಡುವಿನ ನೀರನ್ನು ಕಂಬದತ್ತ ಎಳೆಯುವ ದಿಕ್ಕಿನಲ್ಲಿ ತಿರುಗುತ್ತವೆ. ಕಂಬ ಹರಿವಿಗೆ ತಡೆ. ಬೀಸುವ ರೆಕ್ಕೆಯ ಹಿಂದೆಯೂ ಇಂಥದೇ ಸಾಲು ಬಿಡುತ್ತದೆ, ಆದರೆ ಸುಳಿಗಳ ತಿರುಗು ಅದಕ್ಕೆ ವಿರುದ್ಧ. ಆಗ ಎರಡು ಸಾಲುಗಳ ನಡುವಿನ ನೀರು ಹಿಂದಕ್ಕೆ ಚಿಮ್ಮುತ್ತದೆ. ಹಿಂದಕ್ಕೆ ಚಿಮ್ಮಿದ ಆ ನೀರೇ ನಾವು ಮೊದಲು ಲೆಕ್ಕ ಹಾಕಿದ ಸಂವೇಗ.

ಸುಳಿಗಳು ಸರಿಯಾದ ಅಂತರದಲ್ಲಿ ಬೀಳಬೇಕಾದರೆ ಬೀಸಿಗೂ ಓಟಕ್ಕೂ ತಾಳ ಹೊಂದಬೇಕು. ಝೆಕ್ ವಿಜ್ಞಾನಿ ಸ್ಟ್ರೌಹಾಲ್ ೧೮೭೮ರಲ್ಲಿ ಗಾಳಿಗೆ ತಂತಿಗಳು ಹಾಡುವುದೇಕೆಂದು ವಿಚಾರಿಸುತ್ತ ಒಂದು ಸಂಖ್ಯೆಯನ್ನು ಕಂಡುಕೊಂಡರು. ಅದನ್ನು ಮೀನಿಗೆ ಹೊಂದಿಸುವುದು ಸುಲಭ: ಸೆಕೆಂಡಿಗೆ ಎಷ್ಟು ಬೀಸು ಎಂಬುದನ್ನು ರೆಕ್ಕೆಯ ತುದಿಯ ಏರಿಳಿತದಿಂದ ಗುಣಿಸಿ, ಮೀನಿನ ವೇಗದಿಂದ ಭಾಗಿಸಬೇಕು. ಒಂದು ಮಾಂಟಾದ ರೆಕ್ಕೆಯ ತುದಿ ೨ ಮೀಟರ್ ಏರಿಳಿಯುತ್ತ ನಾಲ್ಕು ಸೆಕೆಂಡಿಗೆ ಒಂದು ಬೀಸು ಮುಗಿಸಿ, ಸೆಕೆಂಡಿಗೆ ಒಂದೂವರೆ ಮೀಟರ್ ಸಾಗುತ್ತದೆಂದು ಭಾವಿಸಿದರೆ ಉತ್ತರ ೦.೩೩. ಇದು ೦.೨ರಿಂದ ೦.೪ರ ನಡುವೆ ಇದ್ದಾಗ ದಕ್ಷತೆ ಹೆಚ್ಚು. ೨೦೦೩ರಲ್ಲಿ ಟೇಲರ್, ನಡ್ಸ್, ಥಾಮಸ್ ಎಂಬ ಮೂವರು ಹಕ್ಕಿ, ಬಾವಲಿ, ಕೀಟ, ಮೀನುಗಳ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ದೂರ ಸಾಗುವಾಗ ಅವೆಲ್ಲವೂ ಈ ಮೇರೆಯೊಳಗೇ ಬೀಸುವುದು ಕಂಡುಬಂದಿತು. ಫಿಷ್ ಅವರ ಮಾಂಟಾಗಳೂ ಇದನ್ನು ಮೀರಲಿಲ್ಲ. ತಂತಿಯ ಹಾಡಿನಿಂದ ಹೊರಟ ಲೆಕ್ಕ ಕಡಲಿನ ಕಂಬಳಿಯನ್ನು ಮುಟ್ಟಿದ್ದು ನನಗೆ ಇಂದಿಗೂ ಸೋಜಿಗವೇ.

ಅಲೆಯಾಡುವ ತೊರಕೆ, ರೆಕ್ಕೆ ಬೀಸುವ ತೊರಕೆ ಎಂದು ನಾನು ಎರಡು ಪಂಗಡ ಮಾಡಿದ್ದು ಹೇಳುವ ಅನುಕೂಲಕ್ಕಾಗಿ. ೨೦೦೧ರಲ್ಲಿ ಲೀಸಾ ರೋಸೆನ್‌ಬರ್ಗರ್ ಎಂಬ ವಿಜ್ಞಾನಿ ಎಂಟು ಜಾತಿಗಳನ್ನು ಪರೀಕ್ಷಿಸಿ, ಇವುಗಳ ನಡುವೆ ಗೋಡೆಯಿಲ್ಲವೆಂದು ತೋರಿಸಿದರು. ಒಂದು ಕೊನೆಯಲ್ಲಿ ರೆಕ್ಕೆಯ ಮೇಲೆ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಅಲೆಗಳನ್ನು ಓಡಿಸುವ ಮೀನುಗಳು, ಇನ್ನೊಂದು ಕೊನೆಯಲ್ಲಿ ಅರ್ಧ ಅಲೆಯೂ ಇಲ್ಲದೆ ಬೀಸುವ ಮೀನುಗಳು, ನಡುವೆ ಬಗೆಬಗೆಯವು. ಮೈ ತುಂಬ ವಿದ್ಯುತ್ತಿನ ಅಂಗಗಳನ್ನು ಹೊತ್ತ ತೊರಕೆಗಳು, ಗರಗಸ ಮೀನುಗಳು ಈ ಸಾಲಿಗೇ ಬರುವುದಿಲ್ಲ. ಅವು ಬಂಧುಗಳಾದ ಶಾರ್ಕುಗಳಂತೆ ಬಾಲದಿಂದ ಈಜುತ್ತವೆ.

ಬೀಸುವುದು ಅಷ್ಟು ಲಾಭವಾದರೆ ಎಲ್ಲವೂ ಏಕೆ ಬೀಸುವುದಿಲ್ಲ? ಹೀಗೆ ಕೇಳುವವರು ಓಟವೊಂದನ್ನೇ ಬದುಕೆಂದು ತಿಳಿದಿರುತ್ತಾರೆ. ಮರಳಿನಲ್ಲಿ ಅಡಗಿ ಕುಳಿತು ಏಡಿ, ಸಿಗಡಿ, ಚಿಪ್ಪುಜೀವಿಗಳನ್ನು ಹಿಡಿಯುವ ತೊರಕೆಗೆ ನೂರಾರು ಮೈಲಿ ಹೋಗುವುದು ಬೇಕಿಲ್ಲ. ನಿಂತಲ್ಲೇ ತಿರುಗಬೇಕು, ಬಂಡೆಯ ಸಂದಿಗೆ ನುಗ್ಗಬೇಕು, ಹೆದರಿದರೆ ಹಿಂದಕ್ಕೆ ಸರಿಯಬೇಕು. ಅಂಚಿನ ಅಲೆ ಇದನ್ನೆಲ್ಲ ಮಾಡಿಕೊಡುತ್ತದೆ. ಬಲಗಡೆಯ ಅಲೆ ಹಿಂದಕ್ಕೆ, ಎಡಗಡೆಯದು ಮುಂದಕ್ಕೆ ಓಡಿದರೆ ಮೀನು ಹೊಳೆಯ ನಡುವಿನ ಹರಿಗೋಲಿನಂತೆ ಇದ್ದಲ್ಲೇ ತಿರುಗುತ್ತದೆ. ಎರಡೂ ಅಲೆಗಳನ್ನು ಬಾಲದಿಂದ ತಲೆಯ ಕಡೆಗೆ ಓಡಿಸಿದರೆ ಹಿಮ್ಮುಖವಾಗಿ ಹೋಗುತ್ತದೆ. ಹೆಚ್ಚು ವೇಗ ಬೇಕಾದಾಗ ಅದು ಅಲೆಯ ಎತ್ತರವನ್ನು ಹೆಚ್ಚಿಸುವುದಿಲ್ಲ; ಅಲೆಗಳನ್ನು ಬೇಗ ಬೇಗ ಎಬ್ಬಿಸುತ್ತದೆ, ಬೇಗ ಓಡಿಸುತ್ತದೆ. ತಳವಾಸಿಗಳು ರೆಕ್ಕೆಯನ್ನು ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ ಇಳಿಸದೆ ಜೋಪಾನ ಮಾಡುತ್ತವೆ. ಇಳಿಸಿದರೆ ಅಂಚು ನೆಲಕ್ಕೆ ತಗಲುತ್ತದಲ್ಲ!

ನೆಲದ ಮಾತು ಬಂದದ್ದರಿಂದ ಒಂದು ಸ್ವಾರಸ್ಯವನ್ನು ಹೇಳಬೇಕು. ನೀರಿನ ಮೇಲ್ಮೈಗೆ ತೀರ ಹತ್ತಿರದಲ್ಲಿ ರೆಕ್ಕೆ ಚಾಚಿ ತೇಲುವ ಕಡಲಹಕ್ಕಿಗೆ ಅದರಿಂದ ಶಕ್ತಿಯ ಉಳಿತಾಯವಾಗುತ್ತದೆ. ಇಳಿಯುವ ವಿಮಾನ ನೆಲದ ಹತ್ತಿರ ಬಂದಾಗ ತೇಲಿದಂತಾಗುವುದೂ ಇದರಿಂದಲೇ. ಹಾಗಾದರೆ ಮರಳಿನ ಮೇಲೆಯೇ ಸಾಗುವ ತೊರಕೆಗೂ ಈ ಲಾಭ ದೊರೆಯಬೇಡವೆ? ದೊರೆಯುವುದೆಂದೇ ಯಾರಿಗಾದರೂ ತೋರುತ್ತದೆ. ೨೦೧೩ರಲ್ಲಿ ಅಮೆರಿಕದ ಬ್ಲೆವಿನ್ಸ್ ಮತ್ತು ಲಾಡರ್ ತೊರಕೆಯನ್ನು ಹೋಲುವ ಒಂದು ಸರಳ ಯಂತ್ರದ ರೆಕ್ಕೆಯನ್ನು ಮಾಡಿ, ನೆಲದ ಹತ್ತಿರವೂ ದೂರವೂ ಅಲೆಯಾಡಿಸಿ ಅಳೆದರು. ಬಹುತೇಕ ಸಂದರ್ಭಗಳಲ್ಲಿ ನೆಲದ ನೆರೆ ಅದರ ವೇಗವನ್ನು ಹೆಚ್ಚಿಸಲಿಲ್ಲ. ಬೇಕಾದ ಶಕ್ತಿಯನ್ನು ಹೆಚ್ಚಿಸಿತು. ಅಷ್ಟೇ ದೂರಕ್ಕೆ ಹೋಗುವ ವೆಚ್ಚ ಕೆಲವೊಮ್ಮೆ ಶೇಕಡ ೧೦ರವರೆಗೂ ಏರಿತು. ಚಾಚಿದ ರೆಕ್ಕೆಗೆ ಒದಗುವ ನ್ಯಾಯ ಅಲೆಯಾಡುವ ರೆಕ್ಕೆಗೆ ಒದಗುವುದಿಲ್ಲ. ಅಲೆಯ ಬಗೆ ಬದಲಾದಂತೆ ಫಲವೂ ಬದಲಾಗುತ್ತಿದ್ದುದರಿಂದ, ಜೀವಂತ ಮೀನು ತನ್ನ ಬೀಸನ್ನು ನೆಲಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡು ಈ ನಷ್ಟವನ್ನು ತಗ್ಗಿಸಿಕೊಳ್ಳುತ್ತಿರಬಹುದೆಂದು ಅವರು ಊಹಿಸಿದ್ದಾರೆ.

ಯಂತ್ರಗಳ ಪೈಕಿ ೨೦೧೬ರಲ್ಲಿ ಹಾರ್ವರ್ಡಿನವರು ಮಾಡಿದ ಒಂದು ಪುಟ್ಟ ಕೃತಕ ತೊರಕೆ ಬಹಳ ಸುದ್ದಿ ಮಾಡಿತು. ಉದ್ದ ೧೬ ಮಿಲಿಮೀಟರ್, ಚಿನ್ನದ ಅಸ್ಥಿಪಂಜರ, ಅದರ ಮೇಲೆ ಇಲಿಯ ಹೃದಯದಿಂದ ಬಂದ ಸುಮಾರು ೨ ಲಕ್ಷ ಜೀವಕೋಶಗಳು. ಬೆಳಕು ಬಿದ್ದಾಗ ಆ ಕೋಶಗಳು ಸಾಲಾಗಿ ಸಂಕುಚಿಸಿ ರೆಕ್ಕೆಯಲ್ಲಿ ಅಲೆ ಎಬ್ಬಿಸುತ್ತಿದ್ದವು. ಬೆಳಕನ್ನು ಸರಿಸಿದತ್ತ ಅದು ಈಜುತ್ತಿತ್ತು. ಚಮತ್ಕಾರವೇ ಸರಿ, ಆದರೆ ನೀರಿನ ಬಗ್ಗೆ ನಮಗೆ ಹೆಚ್ಚು ಕಲಿಸಿದ್ದು ಬ್ಲೆವಿನ್ಸರ ಆ ಬಡ ರೆಕ್ಕೆಯೆಂದೇ ನನ್ನ ಭಾವನೆ.

ಮಾಂಟಾದ ಬಾಯಿಯಲ್ಲೂ ಇದೇ ಸುಳಿಗಳ ಕೆಲಸವಿದೆ. ಅಷ್ಟು ದೊಡ್ಡ ಪ್ರಾಣಿ ತಿನ್ನುವುದು ನೀರಿನಲ್ಲಿ ತೇಲುವ ಅಣುಗಾತ್ರದ ಜೀವಿಗಳನ್ನು. ಬಾಯಿ ತೆರೆದು ಈಜುತ್ತ ಹೋಗುತ್ತದೆ. ಒಳಬಂದ ನೀರು ಕಿವಿರಿನ ಜಾಲರಿಯ ಮೂಲಕ ಹೊರಹೋಗುತ್ತದೆ, ಆಹಾರ ಒಳಗುಳಿಯುತ್ತದೆ. ನಮ್ಮ ಮನೆಯ ಜರಡಿಯಂತೆಯೇ ಇದೂ ಎಂದು ಬಹುಕಾಲ ತಿಳಿಯಲಾಗಿತ್ತು. ಆದರೆ ಜರಡಿ ಕಟ್ಟಿಕೊಳ್ಳುತ್ತದೆ, ಇದು ಕಟ್ಟಿಕೊಳ್ಳುವುದಿಲ್ಲ. ಮೇಲಾಗಿ ಜಾಲರಿಯ ಕಂಡಿಗಿಂತ ಸಣ್ಣ ಕಣಗಳೂ ಹೊರಗೆ ಸೋರದೆ ಉಳಿಯುತ್ತವೆ. ಕಾರಣವನ್ನು ೨೦೧೮ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತಿಳಿಸಿತು. ಜಾಲರಿಯ ಎಲೆಯಂಥ ಪ್ರತಿ ಮಡಿಕೆಯ ಹಿಂದೆಯೂ ಒಂದು ಸುಳಿ ನಿಂತಿರುತ್ತದೆ. ನೀರು ಥಟ್ಟನೆ ತಿರುಗಿ ಕಂಡಿಯೊಳಗೆ ಇಳಿಯುತ್ತದೆ. ಕಣ ಅಷ್ಟು ಬೇಗ ತಿರುಗಲಾರದೆ ಮಡಿಕೆಗೆ ಬಡಿದು, ಚೆಂಡಿನಂತೆ ಪುಟಿದು, ಮತ್ತೆ ಮುಖ್ಯ ಹರಿವಿಗೆ ಸೇರಿ ಗಂಟಲಿನತ್ತ ಹೋಗುತ್ತದೆ. ಇದೆಲ್ಲ ನಡೆಯುವುದು ಮೀನು ಮುಂದೆ ಚಲಿಸುತ್ತಿರುವಾಗ ಮಾತ್ರ. ಉಸಿರಾಟಕ್ಕೂ ಅದೇ ಹರಿವು ಬೇಕು. ಮಾಂಟಾ ನಿಲ್ಲುವಂತಿಲ್ಲ.

ಈ ಜಾಲರಿಯೇ ಅದಕ್ಕೆ ಮೃತ್ಯುವೂ ಆಯಿತು. ಒಣಗಿಸಿದ ಕಿವಿರಿನ ಜಾಲರಿಗೆ ಚೀನಾದ ಮದ್ದಿನ ಪೇಟೆಯಲ್ಲಿ, ಮುಖ್ಯವಾಗಿ ಗುವಾಂಗ್‌ಝೌ ನಗರದಲ್ಲಿ, ಒಳ್ಳೆಯ ಬೆಲೆ ಬಂದಿತು. ಇಂಡೊನೇಷಿಯಾ, ಶ್ರೀಲಂಕಾ, ನಮ್ಮ ಭಾರತ ಈ ಮೀನುಗಳನ್ನು ಹೆಚ್ಚಾಗಿ ಹಿಡಿದ ದೇಶಗಳ ಸಾಲಿನಲ್ಲಿವೆ. ಮಾಂಟಾ ಒಮ್ಮೆಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದೂ ಎರಡು ಮೂರು ವರ್ಷಗಳಿಗೊಮ್ಮೆ. ೨೦೧೩ರಲ್ಲಿ ಮಾಂಟಾಗಳನ್ನೂ ೨೦೧೬ರಲ್ಲಿ ಅವುಗಳ ಸಣ್ಣ ದಾಯಾದಿಗಳನ್ನೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೆ ಸೇರಿಸಲಾಯಿತು.

ಪಟ್ಟಿಯಿಂದ ನಿಲ್ಲದ ಇನ್ನೊಂದು ಅಪಾಯವಿದೆ. ಬೇರೆ ಮೀನಿಗಾಗಿ ಹಾಕಿದ ಬಲೆಗೂ ಹಗ್ಗಕ್ಕೂ ಮಾಂಟಾ ಸಿಕ್ಕಿಬೀಳುತ್ತದೆ. ಮರಳಿನ ತೊರಕೆಯಾಗಿದ್ದರೆ ಹಗ್ಗ ಮೈಗೆ ತಗಲಿದಾಗ ಅಲೆಯನ್ನು ತಿರುಗಿಸಿ ಹಿಂದೆ ಸರಿಯಬಹುದಿತ್ತು. ಮಾಂಟಾದ ರೆಕ್ಕೆಯಲ್ಲಿ ತಿರುಗಿಸಲು ಅಲೆಯೇ ಇಲ್ಲ. ಮುಂದೆ ಹೋಗುವುದಕ್ಕೆ ಅಷ್ಟು ಒಪ್ಪವಾಗಿ ಹೊಂದಿಕೊಂಡ ಆ ರೆಕ್ಕೆಗೆ ಹಿಂದೆ ಹೋಗಲು ಬರುವುದಿಲ್ಲ. ಸುಮ್ಮನೆ ನಿಂತರೆ ಕಿವಿರಿಗೆ ನೀರು ಹರಿಯದೆ ಉಸಿರು ಕಟ್ಟುತ್ತದೆ. ಆದ್ದರಿಂದ ಅದು ತನಗೆ ತಿಳಿದ ಒಂದೇ ದಾರಿಯಲ್ಲಿ, ಮುಂದಕ್ಕೆ, ಲಾಗ ಹಾಕಿ ಬಿಡಿಸಿಕೊಳ್ಳಲು ನೋಡುತ್ತದೆ. ಒಂದೊಂದು ಲಾಗಕ್ಕೂ ಹಗ್ಗ ಮೈಗೆ ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತದೆ.